ಒಂಬತ್ತು ಕೆಂಪು ಗುರುತು

ಬಂದರಿನ ಹಿಂದಿನ ಬೀದಿಯಲ್ಲಿ ಹಡಗುಗಳ ಹಾಯಿ ಹೊಲಿಯುತ್ತಿದ್ದವಳನ್ನು ಜನ ಸೂಜಿಯಕ್ಕ ಎನ್ನುತ್ತಿದ್ದರು. ಕೈಯ ಸೂಜಿಗಿಂತ ಬಾಯಿಯ ಸೂಜಿ ಚೂಪು ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಎದುರಿಗೆ ಆಡುವ ಎದೆಗಾರಿಕೆ ಒಬ್ಬರಿಗೂ ಇರಲಿಲ್ಲ. ಅವಳಿಗೂ ಆ ಬೀದಿಯನ್ನು ಕಂಡರೆ ಅಷ್ಟಕ್ಕಷ್ಟೇ.

ಹಗೆ ಬಲಿತದ್ದು ಒಬ್ಬ ಕಡಲ್ಗಳ್ಳನಿಂದ. ಅವನು ಮೊದಲ ಸಲ ತಂದ ಹಾಯಿ ಗಾಳಿಗೇ ಹರಿದಿತ್ತು. ಆಮೇಲೆ ಅದೇ ಹಾಯಿ ಹೊತ್ತು ಒಂಬತ್ತು ಸಲ ಬಂದ. ಹೊಲಿದು ಮುಗಿಯುವವರೆಗೆ ಅವಳ ಪಡಸಾಲೆಯಲ್ಲಿ ಗೋಡೆಗೊರಗಿ ಕೂತು, ಇಲ್ಲದ ಸುಳ್ಳು ಹೇಳಿ ನಗಿಸುತ್ತಿದ್ದ. ಗಾಳಿಗೆ ಹರಿದ ಬಟ್ಟೆಯ ಅಂಚು ಎಳೆಎಳೆಯಾಗಿ ಬಿಚ್ಚಿಕೊಂಡಿರುತ್ತದೆ. ಇವನದೋ, ನೆಟ್ಟಗೆ ಚೂರಿ ಆಡಿಸಿದ ಗೆರೆ! ಬರಲು ನೆಪ ಬೇಕಲ್ಲ, ಪುಣ್ಯಾತ್ಮ ತನ್ನ ಹಾಯಿಯನ್ನು ತಾನೇ ಕೊಯ್ದುಕೊಂಡು ಬರುತ್ತಿದ್ದ. ಅಂಥ ಒಂದೊಂದು ಗೆರೆಯ ಪಕ್ಕದಲ್ಲೂ ಅವಳು ಕೆಂಪು ನೂಲಿನಿಂದ ಒಂದು ಗುರುತು ಹಾಕಿದಳು. ಗೊತ್ತಾಗಿದೆ ಎಂದು ಅವನಿಗೆ ಹೇಳಲಿಲ್ಲ. ಹೇಳಿದರೆ ನಾಚಿಕೊಂಡು ಬರುವುದನ್ನೇ ಬಿಟ್ಟಾನು ಎಂಬ ಭಯ.

ಕೊನೆಯ ಸಲ ಹಳೆಯದನ್ನು ಅವಳಲ್ಲೇ ಬಿಟ್ಟು, ಹೊಸ ಹಾಯಿ ಕಟ್ಟಿಕೊಂಡು ಹೊರಟವನು ಸಿಕ್ಕಿಬಿದ್ದ. ಚಿನ್ನ ಎಲ್ಲಿ ಹೂತಿದ್ದೀಯ ಎಂದು ಎಷ್ಟು ಬಡಿದರೂ ಬಾಯಿ ಬಿಡದೆ ನೇಣಿಗೇರಿದ. ಅವನದೆಂದು ಅವಳಲ್ಲಿ ಉಳಿದದ್ದು ಆ ಹಳೆಯ ಹಾಯಿ ಒಂದೇ. ಅದನ್ನೇ ಹಾಸಿ ಅದನ್ನೇ ಹೊದೆಯುತ್ತಿದ್ದಳು.

ಒಂದು ಬೆಳಿಗ್ಗೆ ಬಂದರಿನ ಸಾಹೇಬ ಆಳುಗಳೊಂದಿಗೆ ಬಂದು ಆ ಚಿನ್ನಕ್ಕಾಗಿ ಅವಳ ಮನೆಯ ನೆಲ ಅಗೆಸಿದ. ಮಣ್ಣು ಬಿಟ್ಟು ಏನೂ ಸಿಗಲಿಲ್ಲ. ಆಗ ಹಾಯಿಯನ್ನು ಎಳೆದು ತಂದು ಬೀದಿಯಲ್ಲಿ ಹಾಸಿದವನು ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ತಮ್ಮ.

"ಈ ಕೆಂಪು ಗುರುತು ನೋಡಿ ಸಾಹೇಬ್ರೇ. ದ್ವೀಪಗಳು! ಇದೇ ನಕ್ಷೆ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

"ನಿಜ ಹೇಳಿದ್ರೆ ಬಟ್ಟೆ ನಿನಗೇ ಬಿಡ್ತೀನಿ. ಏನಿದು?" ಎಂದ ಸಾಹೇಬ.

ಸತ್ತವನಿಗೂ ಹೇಳದ್ದನ್ನು ಅವಳು ಆ ದರಿದ್ರ ಬೀದಿಯ ಮುಂದೆ ಹೇಳಿದಳು. ಚೂರಿಯ ಗೆರೆ, ನೆಪ, ನೂಲು, ಎಲ್ಲವನ್ನೂ. ಹೇಳುವಾಗ ಕಿವಿಯವರೆಗೂ ಬಿಸಿಯೇರಿತು.

ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. "ಅಯ್ಯೋ, ಇವಳ ಮೋರೆ ನೋಡೋಕೆ ಹಾಯಿ ಹರ್ಕೊಂಡ್ನಂತೆ ಕಣ್ರೇ!" ಎಂದಳು ಎದುರುಮನೆಯ ಮೀನಿನವಳು.

"ಸುತ್ರೋ ಇದನ್ನ. ಕಚೇರಿಗೆ ತಗೊಂಡು ನಡೀರಿ," ಎಂದ ಸಾಹೇಬ.

ಅವಳು ಹಾಯಿಯ ಅಂಚು ಹಿಡಿದು ನೆಲಕ್ಕೆ ಕೂತುಬಿಟ್ಟಳು. "ತಡೀರಿ. ನಕ್ಷೆ ತಾನೇ ಬೇಕು? ಕಾಗದಕ್ಕೆ ಇಳಿಸ್ಕೊಳ್ಳಿ, ಯಾವ್ದು ಯಾವ ದ್ವೀಪ ಅಂತ ನಾನೇ ಹೇಳ್ತೀನಿ. ಬಟ್ಟೆ ಮಾತ್ರ ಇಲ್ಲೇ ಇರ್ಲಿ."

"ಮತ್ತೆ ಅವನು ನಿನಗೋಸ್ಕರ ಬರ್ತಿದ್ದ ಅಂದ್ಯಲ್ಲ?" ಎಂದ ಸಾಹೇಬ.

ಅವಳು ತಮ್ಮನ ಮುಖ ನೋಡಿದಳು. ಅವನು ಕೆಂಪು ಗುರುತು ಎಣಿಸುತ್ತಿದ್ದ.

"ಇಲ್ಲ," ಎಂದಳು. "ನಕ್ಷೆ ಹೊಲಿಸೋಕೆ ಬರ್ತಿದ್ದ. ನಾನು ಅವನಿಗೆ ಯಾರೂ ಅಲ್ಲ."

ಗುಮಾಸ್ತ ಗುರುತುಗಳನ್ನು ಬರೆದುಕೊಂಡ. ಅವಳು ಬಾಯಿಗೆ ಬಂದ ಒಂಬತ್ತು ದ್ವೀಪಗಳ ಹೆಸರು ಹೇಳಿದಳು. ಸಂಜೆಯೊಳಗೆ ಸಾಹೇಬನ ದೋಣಿ ಹೊರಟಿತು, ತಮ್ಮ ಎಲ್ಲರಿಗಿಂತ ಮೊದಲು ಹತ್ತಿ ಕೂತಿದ್ದ.

ಹಾಯಿ ಅವಳ ಕೈಯಲ್ಲೇ ಉಳಿಯಿತು. ಮನೆ ಅಗೆದದ್ದನ್ನು ಅವಳು ಹೇಗೋ ನುಂಗಿಕೊಂಡಳು, ನಕ್ಕದ್ದನ್ನೂ ನುಂಗಿಕೊಂಡಳು. ಆದರೆ ಅವನು ನನಗಾಗಿ ಬರುತ್ತಿರಲಿಲ್ಲ ಎಂದಾಗ ಇಡೀ ಬೀದಿ ಹೂಂ ಎಂದು ತಲೆಯಾಡಿಸಿತಲ್ಲ, ಒಬ್ಬರಾದರೂ ಒಂದು ಗಳಿಗೆ ಅನುಮಾನಿಸಲಿಲ್ಲವಲ್ಲ, ಅದನ್ನು ಸಾಯುವವರೆಗೂ ಕ್ಷಮಿಸಲಿಲ್ಲ.