ಡಬ್ಬಿ ಆಟದ ಚರಿತ್ರೆ

ಆ ಆಟಕ್ಕೆ ಟಿಕೆಟ್ ಇರಲಿಲ್ಲ. ಒಂದು ಡಬ್ಬಿ ತಂದರೆ ಒಳಗೆ ಬಿಡುತ್ತಿದ್ದರು. ಹುರುಳಿಕಾಯಿಯದೋ, ಜೋಳದ್ದೋ, ಪೀಚ್ ಹಣ್ಣಿನದೋ, ಮುಚ್ಚಳ ಉಬ್ಬಿರದ ಯಾವ ತಗಡಿನ ಡಬ್ಬಿಯಾದರೂ ನಡೆಯುತ್ತಿತ್ತು. ಹೈಸ್ಕೂಲು ಮೈದಾನದ ಗೇಟಿನಲ್ಲಿ ಒಂದು ಮೇಜು, ಮೇಜಿನ ಹಿಂದೆ ಡಬ್ಬಿಗಳ ಗುಡ್ಡೆ, ಗುಡ್ಡೆಯ ಮೇಲೆ ಜೂನ್ ತಿಂಗಳ ಇಳಿಬಿಸಿಲು. ಕಣ್ಣು ಮುಚ್ಚಿದರೆ ಇವತ್ತಿಗೂ ಮೊದಲು ಕಾಣುವುದು ಆ ತಗಡಿನ ಹೊಳಪು. ಆಮೇಲೆ ಪೂರ್ವದ ಒಣಹುಲ್ಲಿನ ಬೆಟ್ಟಗಳು, ಪಶ್ಚಿಮಕ್ಕಿರುವ ಸರಟೋಗಾ ಊರಿನ ಕಡೆಯಿಂದ ನಿಧಾನವಾಗಿ ಚಾಚಿಕೊಳ್ಳುವ ನೆರಳು. ಆಮೇಲೆ ಬಿಳಿ ಅಂಗಿ ತೊಟ್ಟು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಕೂತ ನನ್ನ ಅಪ್ಪ.

ನಾನಾಗ ಅಮೆರಿಕಕ್ಕೆ ಹೊಸಬಳು. ಗಂಡನ ವೀಸಾಕ್ಕೆ ಅಂಟಿಕೊಂಡ ವೀಸಾ ನನ್ನದು, ಕೆಲಸ ಮಾಡುವಂತಿರಲಿಲ್ಲ. ಫ್ರೀವೇಯ ಪಕ್ಕದ ಫಲಕಗಳ ಮೇಲೆಲ್ಲ ಹೆಸರಿನ ಬಾಲಕ್ಕೆ ಡಾಟ್ ಕಾಮ್ ಕಟ್ಟಿಕೊಂಡ ಕಂಪನಿಗಳು. ನಾಯಿ ಬಿಸ್ಕತ್ತು ಮಾರುವವನಿಗೂ ಒಂದು ಡಾಟ್ ಕಾಮ್. ಊರಿಗೆ ಊರೇ ಓಡುತ್ತಿದ್ದಾಗ ನಾನೊಬ್ಬಳು ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿ ಮ್ಯಾನೇಜರಿಂದ ಬೈಸಿಕೊಳ್ಳುತ್ತಿದ್ದೆ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಕೈಗೆ ಕೆಲಸವೂ ಇಲ್ಲದೆ ಅದು ಇನ್ನಷ್ಟು ಬೆಳೆಯಿತು.

ಹೊತ್ತು ಹೋಗಲೆಂದು ಪಬ್ಲಿಕ್ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಬಿಟ್ಟಿ ಕೆಲಸ ಹಿಡಿದೆ. ಅಲ್ಲಿಗೆ ಒಂದು ದಿನ ಅರವತ್ತು ದಾಟಿದ ಅಮೆರಿಕನ್ ಹಿರಿಯರೊಬ್ಬರು ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯೊಂದನ್ನು ತಬ್ಬಿಕೊಂಡು ಬಂದರು. ಅವರ ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ. ಪೆಟ್ಟಿಗೆಯ ತುಂಬ ಬೇಸ್‌ಬಾಲಿನ ಸ್ಕೋರು ಪುಸ್ತಕಗಳು. ಸುತ್ತಲಿನ ಹೈಸ್ಕೂಲುಗಳಿಂದ ಆರಿಸಿದ ಹುಡುಗರು ವರ್ಷಕ್ಕೊಮ್ಮೆ ಉತ್ತರದ ತಂಡ, ದಕ್ಷಿಣದ ತಂಡ ಎಂದು ಆಡುವ ಆಲ್-ಸ್ಟಾರ್ ಆಟವೊಂದಿದೆ, ಊರಿನವರು ಅದನ್ನು ಡಬ್ಬಿ ಆಟ ಅನ್ನುತ್ತಾರೆ, ಮೊದಲ ಆಟದಿಂದಲೂ ಸ್ಕೋರು ಪುಸ್ತಕ ಬರೆದವನು ನಾನೇ ಎಂದರು. ಈ ಸಲ ಅದರ ಚರಿತ್ರೆಯನ್ನು ಒಂದು ಸಣ್ಣ ಪುಸ್ತಿಕೆ ಮಾಡಿ ಹಂಚಬೇಕು, ಬರೆದು ಟೈಪು ಮಾಡಿಕೊಡುವವರು ಬೇಕು ಎಂದರು. ನನಗೆ ಬೇಸ್‌ಬಾಲಿನ ತಲೆಬುಡ ತಿಳಿಯದು. ಆದರೂ ಕೈಯೆತ್ತಿದೆ. ಯಾರೋ ಒಬ್ಬರು ನನಗೊಂದು ಕೆಲಸ ಹೇಳಿದರಲ್ಲ ಎಂಬ ಖುಷಿ.

ಆ ಆಟ ಹುಟ್ಟಿದ್ದು ಹೀಗೆ. ಈಗ ಸಾಫ್ಟ್‌ವೇರಿನದೆಂದು ಹೆಸರಾದ ಈ ಕಣಿವೆ ಒಂದು ಕಾಲಕ್ಕೆ ಬರೀ ಹಣ್ಣಿನ ತೋಟ. ಹಣ್ಣು ಬೇಯಿಸಿ ಡಬ್ಬಿಗೆ ತುಂಬುವ ಕಾರ್ಖಾನೆಗಳಿಂದಲೇ ಎಷ್ಟೋ ಮನೆಗಳ ಒಲೆ ಉರಿಯುತ್ತಿತ್ತು. ಒಂದು ವರ್ಷ ಹೂ ಬಿಡುವ ಹೊತ್ತಿಗೆ ಮಂಜು ಹೆಪ್ಪುಗಟ್ಟಿ ಹೂವೆಲ್ಲ ಸುಟ್ಟುಹೋಯಿತು. ಹಣ್ಣಿಲ್ಲ, ಕಾರ್ಖಾನೆ ಬಾಗಿಲು ತೆರೆಯಲಿಲ್ಲ. ಡಬ್ಬಿ ತುಂಬುತ್ತಿದ್ದವರ ಮನೆಯಲ್ಲೇ ಡಬ್ಬಿ ಖಾಲಿ. ಆಗ ಹೈಸ್ಕೂಲುಗಳ ಹುಡುಗರು ಸೇರಿ ಒಂದು ಆಟ ಇಟ್ಟುಕೊಂಡರು. ನೋಡಲು ಬರುವವರು ಒಂದೊಂದು ಡಬ್ಬಿ ತರಬೇಕು, ಅದು ಆ ಮನೆಗಳಿಗೆ ಹೋಗಬೇಕು. ಮರುವರ್ಷ ಹಣ್ಣು ಬಂತು, ಆದರೆ ಆಟ ನಿಲ್ಲಲಿಲ್ಲ. ತೋಟ ಕಡಿದರು, ಕಾರ್ಖಾನೆ ಕೆಡವಿ ಆಫೀಸು ಕಟ್ಟಿದರು, ಆಗಲೂ ನಿಲ್ಲಲಿಲ್ಲ. ಊರಿನಲ್ಲಿ ಯಾರಿಗಾದರೂ ಹಸಿವು ಇದ್ದೇ ಇರುತ್ತಿತ್ತು.

ಹಿರಿಯರು ಬೆರಳು ಕಳೆದುಕೊಂಡದ್ದು ಅಂಥದೇ ಕಾರ್ಖಾನೆಯ ಯಂತ್ರದಲ್ಲಿ. ಆಡಲಾಗದೆ, ಎಡಗೈಯಲ್ಲಿ ಬರೆಯುವುದನ್ನು ಕಲಿತು ಸ್ಕೋರು ಪುಸ್ತಕ ಹಿಡಿದರು. ಆಡಿದವನು ಅವರ ತಮ್ಮ. ಬೇಸ್‌ಬಾಲಿನಲ್ಲಿ ಒಂದೊಂದು ಜಾಗಕ್ಕೆ ಒಂದೊಂದು ನಂಬರು. ಓಡುವವನು ಮುಟ್ಟಬೇಕಾದ ಬೇಸು ಎಂಬ ಗುರುತುಗಳಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ನಿಲ್ಲುವವನು ಆರು. ಅದು ತಮ್ಮನ ಜಾಗ.

ಈ ಪುಸ್ತಕದಲ್ಲಿ ಒಂದು ಕಟುವಾದ ಪದ್ಧತಿ ಇದೆ. ಹಿಡಿಯಬಹುದಾಗಿದ್ದ ಚೆಂಡನ್ನು ಯಾರಾದರೂ ಕೈಬಿಟ್ಟರೆ ಅವನ ನಂಬರಿಗೆ ‘ಇ’ ಎಂಬ ಇಂಗ್ಲಿಷ್ ಅಕ್ಷರ ಸೇರಿಸಿ ಬರೆಯುತ್ತಾರೆ. ಎರರ್, ಅಂದರೆ ತಪ್ಪು ಅವನದು. ಕಷ್ಟದ ಚೆಂಡಾಗಿದ್ದರೆ ಹೊಡೆದವನಿಗೆ ಶಹಬ್ಬಾಸ್, ಬಿಟ್ಟವನಿಗೆ ಮಾಫಿ. ಯಾವುದು ಏನೆಂದು ತೀರ್ಮಾನಿಸುವವನು ಪುಸ್ತಕ ಬರೆಯುವವನೊಬ್ಬನೇ. ಮೊದಲ ಆಟದ ಕೊನೆಯ ಚೆಂಡು ತಮ್ಮನ ಕಾಲುಗಳ ನಡುವೆ ನುಸುಳಿ ಹೋಗಿ ಅವನ ತಂಡ ಸೋತಿತು. ಅಣ್ಣ ‘ಇ ಆರು’ ಎಂದು ಬರೆದರು. ಊರಿನ ಪತ್ರಿಕೆಯಲ್ಲೂ ಹಾಗೇ ಬಂತು. ಚೆಂಡು ಕಲ್ಲಿಗೆ ಬಡಿದು ಪುಟಿಯಿತು, ನೀನೂ ಅದನ್ನು ನೋಡಿದೆ, ಆದರೂ ತಪ್ಪು ಅಂತ ಬರೆದೆ ಎಂದ ತಮ್ಮ. ಕಂಡದ್ದನ್ನು ಬರೆದೆ ಎಂದರು ಅಣ್ಣ. ತಮ್ಮ ಉತ್ತರದ ಆರೆಗಾನ್ ರಾಜ್ಯದ ಕಡೆ ಮರದ ಕೆಲಸಕ್ಕೆ ಹೋದವನು ಅಲ್ಲೇ ಉಳಿದ. ವರ್ಷಕ್ಕೊಂದು ಕ್ರಿಸ್‌ಮಸ್ ಕಾರ್ಡು. ಒಳಗೆ ಸಹಿ ಬಿಟ್ಟು ಒಂದಕ್ಷರ ಇಲ್ಲ.

“ಈ ಸಲ ಮೊದಲ ಆಟದವರನ್ನೆಲ್ಲ ಕರೆದಿದ್ದೇನೆ. ತಮ್ಮನೂ ಬರುತ್ತೇನೆ ಅಂತ ಬರೆದಿದ್ದಾನೆ” ಎಂದರು ಹಿರಿಯರು. “ಆ ಚೆಂಡಿನ ಬಗ್ಗೆ ಚರಿತ್ರೆಯಲ್ಲಿ ಏನು ಬರೆಯಬೇಕು? ತಪ್ಪು ಅಂತ ಬರೆದರೆ ಅವನು ಹಾಗೇ ತಿರುಗಿ ಹೋಗುತ್ತಾನೆ. ಕಲ್ಲು ಇತ್ತು ಅಂತ ಬರೆದರೆ ನಾನು ಸುಳ್ಳುಗಾರ. ಇಷ್ಟು ವರ್ಷ ಆದಮೇಲೆ ನನಗೇ ಗೊತ್ತಾಗುತ್ತಿಲ್ಲ, ಕಲ್ಲು ಇತ್ತೋ ಏನೋ.”

ಅದೇ ದಿನಗಳಲ್ಲಿ ಅಪ್ಪ ಹುಬ್ಬಳ್ಳಿಯಿಂದ ಆರು ತಿಂಗಳಿಗೆಂದು ಬಂದಿದ್ದರು. ರೈಲ್ವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಭಾನುವಾರ ಬಂತೆಂದರೆ ಮೈದಾನದಲ್ಲಿ ಕ್ರಿಕೆಟ್ ಸ್ಕೋರರ್. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಟೀವಿ, ಮೈಕ್ರೋವೇವು, ವಾಕಿಂಗು ಎಲ್ಲ ಮುಗಿದು ಅವರಿಗೂ ಹೊತ್ತು ಹೋಗುತ್ತಿರಲಿಲ್ಲ. ರಟ್ಟಿನ ಪೆಟ್ಟಿಗೆ ಮನೆಗೆ ಬಂದದ್ದೇ ತಡ, ಮಗುವಿಗೆ ಆಟಿಕೆ ಸಿಕ್ಕ ಹಾಗಾಯಿತು. ಪುಟದ ತುಂಬ ಸಣ್ಣ ಸಣ್ಣ ಚೌಕ, ಚೌಕದೊಳಗೆ ವಜ್ರದಾಕಾರದ ಗೆರೆ. ಹುಡುಗ ಓಡಿದಷ್ಟು ಗೆರೆ ಎಳೆಯಬೇಕು. ವಾರದಲ್ಲಿ ಅಪ್ಪನಿಗೆ ಎಲ್ಲ ತಿಳಿಯಿತು. ಒಂದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

“ಕ್ಯಾಚ್ ಬಿಟ್ಟಿದ್ದು ಪುಸ್ತಕದಾಗ ಬರೀತಾರ?” ಎಂದರು.

“ಹೌದಪ್ಪಾ. ಇಲ್ಲೆ ಹಂಗ.”

“ಬಿಟ್ಟಾಂವಗ ಗೊತ್ತಿರ್ತೈತಿ, ನೋಡಿದಾಂವಗೂ ಗೊತ್ತಿರ್ತೈತಿ. ಮತ್ತ ಪುಸ್ತಕಕ್ಕ ಯಾಕ ಹೇಳಬೇಕು?”

ನನಗೆ ಟೈಪು ಮಾಡುವ ಗಡಿಬಿಡಿ. “ಅದೆಲ್ಲಾ ನಿಮಗ ಯಾಕ, ಸುಮ್ಮನ ಓದ್ರಿ” ಎಂದು ಗದರಿಸಿದೆ. ಆದರೆ ಬರೆಯುವಾಗ ನನ್ನ ಕೈಯೂ ಅಲ್ಲೇ ನಿಂತಿತು. ಕೊನೆಗೆ ‘ಕೊನೆಯ ಚೆಂಡು ಎಡಗಡೆಗೆ ಹೋಯಿತು, ಆಟ ಮುಗಿಯಿತು’ ಎಂದು ಬರೆದು ಕೈತೊಳೆದುಕೊಂಡೆ. ಹಿರಿಯರು ಅದನ್ನು ಎರಡು ಸಲ ಓದಿ ಮಡಚಿ ಜೇಬಿಗಿಟ್ಟರು. ಅದು ಸಾಲದೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಟದ ದಿನದ ಬೆಳಕು ಎಂಥದ್ದೆಂದು ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಜೇನು ಬೆರೆಸಿದ ಹಾಲಿನಂತೆ ಇತ್ತು ಅನ್ನಿಸುತ್ತದೆ; ನೆನಪೇ ಆಮೇಲೆ ಬಣ್ಣ ಹಚ್ಚಿತೋ ಏನೋ. ಕತ್ತರಿಸಿದ ಹುಲ್ಲಿನ ವಾಸನೆ, ಬ್ಯಾಟಿಗೆ ಚೆಂಡು ತಾಗಿದ ಮೇಲೆ ಒಂದು ಕ್ಷಣ ತಡವಾಗಿ ಕೇಳುವ ಸದ್ದು, ದೂರದ ಫ್ರೀವೇಯ ಮೊರೆತ. ಹುಡುಗರ ಬೆನ್ನ ಮೇಲೆ ಅಂಗಿ ಕೊಟ್ಟ ಡಾಟ್ ಕಾಮ್ ಕಂಪನಿಯ ಹೆಸರು. ಆ ಕಂಪನಿ ಏನು ಮಾರುತ್ತದೆಂದು ಅಲ್ಲಿಂದ ಬಂದಿದ್ದ ಹುಡುಗಿಯನ್ನು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಅಪ್ಪ ಮನೆಯಿಂದ ತಂದಿದ್ದ ಕಡಲೆಕಾಳಿನ ಡಬ್ಬಿಯನ್ನು ಎರಡು ಕೈಯಲ್ಲೂ ಹಿಡಿದು, ದೇವರಿಗೆ ಕಾಯಿ ಕೊಡುವ ಹಾಗೆ ಗೇಟಿನಲ್ಲಿ ಕೊಟ್ಟರು. ಆಮೇಲೆ ಹೋಗಿ ಹಿರಿಯರ ಪಕ್ಕ, ಸ್ಕೋರು ಬರೆಯುವ ಮೇಜಿನ ಬಳಿ ಕೂತರು. ಒಬ್ಬರದು ರೈಲ್ವೆ ಇಂಗ್ಲಿಷು, ಇನ್ನೊಬ್ಬರದು ಬಾಯಿಯೊಳಗೇ ಉಳಿಯುವ ಇಂಗ್ಲಿಷು. ಇಬ್ಬರಿಗೂ ಮಾತು ಬೇಕಾದಂತೆ ಕಾಣಲಿಲ್ಲ.

ಮೂರು ಸರದಿ ಮುಗಿದಾಗ ಹಿರಿಯರ ತಮ್ಮ ಬಂದರು. ಅಗಲ ಭುಜದ, ನಡೆಯುವಾಗ ಸ್ವಲ್ಪ ಕುಂಟುವ ಮನುಷ್ಯ. ಕೈಯಲ್ಲಿ ಪೀಚ್ ಹಣ್ಣಿನ ಡಬ್ಬಿ. ನಾನೇ ಅವರಿಗೆ ಪುಸ್ತಿಕೆ ಕೊಟ್ಟೆ. ಅವರು ಅಲ್ಲೇ ನಿಂತು ಓದಿದರು, ಕೊನೆಯ ಚೆಂಡಿನ ಸಾಲಿಗೆ ಬಂದು ಒಮ್ಮೆ ನಕ್ಕರು. ಆ ನಗುವಿನಲ್ಲಿ ಸಂತೋಷವಿರಲಿಲ್ಲ. ಹೋಗಿ ಬೆಂಚುಗಳ ಮೇಲಿನ ಸಾಲಿನಲ್ಲಿ ಒಬ್ಬರೇ ಕೂತರು.

ಹಿರಿಯರಿಗೆ ಅವರು ಕಂಡರು. ಪೆನ್ಸಿಲ್ ನಿಂತಿತು. ಎಷ್ಟೋ ವರ್ಷ ಒಂದು ಚೆಂಡನ್ನೂ ಬಿಡದೆ ಬರೆದ ಮನುಷ್ಯ, ಆ ಪೆನ್ಸಿಲನ್ನು ನನ್ನ ಅಪ್ಪನ ಕೈಗಿಟ್ಟು ಎದ್ದರು. ಮೆಟ್ಟಿಲು ಹತ್ತಿ ತಮ್ಮನ ಪಕ್ಕ ಕೂತರು. ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ. ನಾನು ದೂರದಿಂದ ನೋಡುತ್ತಲೇ ಇದ್ದೆ. ಇಬ್ಬರೂ ಮೈದಾನ ಬಿಟ್ಟು ಬೇರೆಲ್ಲಿಯೂ ನೋಡಲಿಲ್ಲ. ಆಟ ಮುಗಿಯುತ್ತಾ ಬಂದಾಗ ಪುಸ್ತಿಕೆ ತೆರೆದು ಕೊನೆಯ ಚೆಂಡಿನ ಸಾಲನ್ನು ಮತ್ತೆ ಓದಿದೆ. ನಾನು ಆ ಸಾಲನ್ನು ಧೈರ್ಯವಾಗಿ ಬರೆಯಬೇಕಿತ್ತು, ಹೀಗೋ ಹಾಗೋ.

ಆಟ ಮುಗಿದ ಮೇಲೆ ಹಿರಿಯರು ಪುಸ್ತಕ ನೋಡಲು ಕೆಳಗಿಳಿದು ಬಂದರು. ತಮ್ಮನಿಗೆ ಕಾರಿನ ಕಡೆ ಹೋಗಲು ಅದೇ ದಾರಿ. ಅವರೂ ಹಿಂದೆ ಬಂದರು. ನಾನು ಅಪ್ಪನ ಭುಜದ ಮೇಲಿಂದ ಬಗ್ಗಿ ನೋಡಿದೆ. ಗೆರೆಗಳು ಮುತ್ತು ಪೋಣಿಸಿದ ಹಾಗೆ. ಆದರೆ ಅಪ್ಪ ಪೆನ್ಸಿಲ್ ಹಿಡಿದ ಮೇಲೆ ಆರನೇ ಜಾಗದ ಹುಡುಗ ಮೂರು ಸಲ ಚೆಂಡು ಕೈಬಿಟ್ಟಿದ್ದ, ಇಡೀ ಮೈದಾನ ನೋಡಿ ಅಯ್ಯೋ ಅಂದಿತ್ತು. ಅಪ್ಪ ಬರೆದ ಚೌಕಗಳಲ್ಲಿ ಒಂದೂ ‘ಇ’ ಇರಲಿಲ್ಲ. ಹೊಡೆದವನು ಓಡಿದ, ತಲುಪಿದ, ಅಷ್ಟೇ.

ನನಗೆ ರಕ್ತ ಕುದಿಯಿತು. “ಏನ್ ಮಾಡೀರಿ ಅಪ್ಪಾ ಇದು? ಇಷ್ಟು ವರ್ಷದ ಪುಸ್ತಕ ಕೆಡಿಸಿಬಿಟ್ರಲ್ಲ! ಬರಂಗಿಲ್ಲ ಅಂದ್ರ ಪೆನ್ಸಿಲ್ ಯಾಕ ಹಿಡಿಬೇಕಿತ್ತು? ಮಂದಿ ಮುಂದ ನನ್ನ ಮಾನ ತಗದ್ರಿ!” ಎಲ್ಲರೂ ತಿರುಗಿ ನೋಡಿದರು. ಭಾಷೆ ತಿಳಿಯದಿದ್ದರೂ ಬೈಗುಳ ಯಾರಿಗೆ ತಿಳಿಯುವುದಿಲ್ಲ?

ಅಪ್ಪ ಪೆನ್ಸಿಲ್ ಮೇಜಿನ ಮೇಲಿಟ್ಟರು. “ನಮ್ಮ ಕಡೆ ಕೈಬಿಟ್ಟಿದ್ದು ಬರಿಯಂಗಿಲ್ಲವ್ವಾ. ನನ್ನ ಕೈ ಅದಕ್ಕ ಹೋಗ್ಲಿಲ್ಲ” ಎಂದರು ಮೆಲ್ಲಗೆ. ಮರೆತರೋ, ಬೇಕೆಂದೇ ಬಿಟ್ಟರೋ, ನನಗೆ ಇವತ್ತಿಗೂ ಗೊತ್ತಿಲ್ಲ.

“ಏನಂದರು?” ಎಂದು ಕೇಳಿದರು ಹಿರಿಯರು. ನಾನು ನಾಚಿಕೊಂಡೇ ಇಂಗ್ಲಿಷಿನಲ್ಲಿ ಹೇಳಿದೆ: ಅವರ ಊರಿನಲ್ಲಿ ಯಾರಾದರೂ ಚೆಂಡು ಕೈಬಿಟ್ಟರೆ ಪುಸ್ತಕದಲ್ಲಿ ಬರೆಯುವುದಿಲ್ಲವಂತೆ.

ಹಿರಿಯರು ಪೆನ್ಸಿಲ್ ಎತ್ತಿಕೊಂಡರು. ಈಗ ತಿದ್ದುತ್ತಾರೆ ಎಂದುಕೊಂಡೆ. ಅವರು ಪುಟದ ಅಡಿಯಲ್ಲಿ ಎಡಗೈಯಲ್ಲಿ ಸಹಿ ಹಾಕಿ, ಪುಸ್ತಕವನ್ನು ಅಪ್ಪನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. ಅಪ್ಪ ಅವರ ಸಹಿಯ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದರು.

ಹಿಂದೆ ನಿಂತಿದ್ದ ತಮ್ಮ ಆಗ ಮೊದಲ ಸಲ ಬಾಯಿ ಬಿಟ್ಟರು. “ಮೊದಲನೆಯ ಪುಸ್ತಕ ಇದೆಯಾ?”

ಪೆಟ್ಟಿಗೆ ಮೇಜಿನ ಕೆಳಗೇ ಇತ್ತು. ಹಿರಿಯರು ತೆಗೆದು ಕೊನೆಯ ಪುಟ ಬಿಡಿಸಿದರು. ಪೆನ್ಸಿಲಿನ ಅಕ್ಷರ ಮಾಸಿತ್ತು, ಅಳಿಸಿರಲಿಲ್ಲ. ತಮ್ಮ ಆ ಚೌಕದ ಮೇಲೆ ದಪ್ಪ ಬೆರಳಿಟ್ಟರು.

“ಕಲ್ಲೇನೂ ಇರಲಿಲ್ಲ” ಎಂದರು. “ಚೆಂಡು ಕೈಗೆ ಬರುವ ಮೊದಲೇ ನಾನು ತಲೆ ಎತ್ತಿಬಿಟ್ಟೆ.”

ಹಿರಿಯರು ಜೇಬಿನಿಂದ ರಬ್ಬರು ತೆಗೆದರು. ಆ ತಮ್ಮ, ಹಿರಿಯರ ಎರಡು ಬೆರಳಿಲ್ಲದ ಕೈಯನ್ನು ಹಿಡಿದು ತಡೆದು, “ಇರಲಿ ಬಿಡು” ಎಂದರು. ಆಮೇಲೆ ಆ ಇಬ್ಬರೂ ಡಬ್ಬಿಗಳನ್ನು ಟ್ರಕ್ಕಿಗೆ ತುಂಬುವವರ ಸಾಲಿನಲ್ಲಿ ಅಕ್ಕಪಕ್ಕ ನಿಂತು, ಒಬ್ಬರಿಂದೊಬ್ಬರಿಗೆ ಡಬ್ಬಿ ದಾಟಿಸುವುದನ್ನು ನೋಡಿದೆ. ತಮ್ಮ ಒಂದು ಡಬ್ಬಿ ಕೈಬಿಟ್ಟರು. ಇಬ್ಬರೂ ನಕ್ಕರು.

ನಾವು ನಡೆದು ಮನೆಗೆ ಹೊರಟೆವು. ಆಕಾಶ ಇನ್ನೂ ತಿಳಿಯಾಗಿತ್ತು. ಸಿಗ್ನಲ್ಲಿನ ಬಳಿ ಅಪ್ಪ, “ಆ ಆರನೇ ನಂಬರಿನ ಹುಡುಗ ಛಲೋ ಆಡಿದ” ಎಂದರು. ಮೂರು ಸಲ ಬಿಟ್ಟವನೇ. ತಪ್ಪಾಯಿತು ಅನ್ನಬೇಕೆಂದು ನಾಲಿಗೆಯವರೆಗೆ ಬಂದಿತ್ತು. ನಾಳೆ ಅಂದುಕೊಂಡೆ. ಆ ನಾಳೆ ಆಗಸ್ಟಿನವರೆಗೂ ಬರಲಿಲ್ಲ, ಅಪ್ಪ ಹುಬ್ಬಳ್ಳಿಗೆ ಹೋದರು. ಮರುವರ್ಷ ಅಂಗಿ ಕೊಟ್ಟ ಕಂಪನಿಯೂ ಇರಲಿಲ್ಲ. ಅಪ್ಪ ಮತ್ತೆ ಅಮೆರಿಕಕ್ಕೆ ಬರಲಿಲ್ಲ.

ಅಪ್ಪ ತೀರಿಹೋದ ಮೇಲೆ ಹುಬ್ಬಳ್ಳಿಯ ಮನೆಯಲ್ಲಿ ಅವರ ಕಬ್ಬಿಣದ ಟ್ರಂಕಿನಲ್ಲಿ ಹಳೆಯ ಡೈರಿಗಳು ಸಿಕ್ಕವು. ದಿನಕ್ಕೆ ಎರಡು ಮೂರು ಸಾಲು, ಸ್ಕೋರು ಬರೆದ ಹಾಗೆ. ಹಾಲಿನವ ಬರಲಿಲ್ಲ, ಮೊಣಕಾಲು ನೋವು, ಯಾರೋ ಊಟಕ್ಕೆ ಬಂದರು. ನಾನು ಆ ವರ್ಷದ ಜೂನ್ ತಿಂಗಳನ್ನು ಹುಡುಕಿದೆ.

‘ಸಂಜೆ ಮಗಳ ಜೊತೆ ಆಟಕ್ಕೆ ಹೋಗಿದ್ದೆ. ಪುಸ್ತಕ ಬರೆದೆ. ನಾನು ಆಡಿದ ಮಾತನ್ನು ಮಗಳು ಎಲ್ಲರಿಗೂ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದಳು.’

ಅಷ್ಟೇ ಇತ್ತು. ಮುಂದಿನ ಪುಟ ತಿರುವಿದೆ, ಅದರ ಮುಂದಿನದನ್ನೂ ತಿರುವಿದೆ. ನಾನು ಕೂಗಾಡಿದ್ದನ್ನು ಅಪ್ಪ ಎಲ್ಲಿಯೂ ಬರೆದಿರಲಿಲ್ಲ.