ಖಾಲಿ ಬೀರು, ದನದ ಹಗ್ಗ

ಆ ಖಾಲಿ ಬೀರುವಿನ ವಿಷಯದಲ್ಲಿ ನಾನು ಇವತ್ತಿಗೂ ನಾಚಿಕೊಂಡಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ನಾನು ತಪ್ಪೊಪ್ಪಿಕೊಳ್ಳುತ್ತೇನೆಂದು ಯಾರೂ ಕಾದು ಕೂರುವುದು ಬೇಡ.

ಕೊಡಗು ಆಗ ತನ್ನದೇ ಒಂದು ಪುಟ್ಟ ರಾಜ್ಯ. ಸರಕಾರವೆಂದರೆ ಮಡಿಕೇರಿ, ಮಡಿಕೇರಿಯೆಂದರೆ ಸರಕಾರ. ಗಾಳಿಬೀಡಿನಿಂದ ಆಚೆಗೆ ಎರಡು ಮೈಲಿ ನಡೆದರೆ ಸಿಗುವ ಹೆಂಚಿನ ಶಾಲೆಗೆ ನನ್ನನ್ನು ಟೀಚರಾಗಿ ಹಾಕಿದರು. ನಾನು ಕುಶಾಲನಗರದ ಕಡೆಯವಳು. ನಮ್ಮ ತಾತ ಹಾಸನದಿಂದ ಬಂದು ಅಲ್ಲಿ ಹೊಲ ಮಾಡಿದವರು. ನಮ್ಮ ಮನೆಯಲ್ಲಿ ಹೆಣ್ಣೊಬ್ಬಳು ಕೆಲಸಕ್ಕೆಂದು ಹೊಸಿಲು ದಾಟಿದ್ದು ಅದೇ ಮೊದಲು. ದಾಟಿಸುವಾಗ ಅಪ್ಪ ಒಂದು ಷರತ್ತು ಹಾಕಿದ್ದರು. ಬರುವ ಬೇಸಿಗೆಯೊಳಗೆ ಕೆಲಸ ಕಾಯಂ ಆದರೆ ಸರಿ. ಇಲ್ಲವಾದರೆ ಟ್ರಂಕು ಹಿಡಿದು ಮನೆಗೆ ಬರಬೇಕು, ಅವರು ನೋಡಿಟ್ಟ ಗಂಡಿಗೆ ಕೊರಳೊಡ್ಡಬೇಕು. ಕಾಯಂ ಆಗಬೇಕಾದರೆ ಇನ್‌ಸ್ಪೆಕ್ಟರು ಬಂದು ಶಾಲೆ ನೋಡಿ ನಾಲ್ಕು ಒಳ್ಳೆಯ ಮಾತು ಬರೆಯಬೇಕು.

ಇನ್‌ಸ್ಪೆಕ್ಟರು ಮೊದಲು ನೋಡುವುದೇ ಬೀರುವನ್ನು ಎಂದು ಹಿಂದಿನ ಮೇಷ್ಟ್ರು ಎಚ್ಚರಿಸಿ ಹೋಗಿದ್ದರು. ಪ್ರಕೃತಿಪಾಠಕ್ಕೆಂದು ಪ್ರತಿ ಶಾಲೆಗೂ ಗಾಜಿನ ಬಾಗಿಲಿನ ಒಂದು ಬೀರು ಕೊಟ್ಟಿದ್ದರು. ಅದರೊಳಗೆ ಒಣಗಿಸಿದ ಎಲೆ, ಗುಂಡುಸೂಜಿ ಚುಚ್ಚಿದ ಚಿಟ್ಟೆ, ಹಕ್ಕಿಗೂಡು, ಮೊಟ್ಟೆ, ಎಲ್ಲಕ್ಕೂ ಹೆಸರಿನ ಚೀಟಿ ಇರಬೇಕು. ನಮ್ಮ ಬೀರುವಿನಲ್ಲಿ ಜೇಡರ ಬಲೆ ಮಾತ್ರ ಇತ್ತು, ಅದಕ್ಕೆ ಚೀಟಿ ಇರಲಿಲ್ಲ.

ನಾನು ಉಳಿದುಕೊಂಡಿದ್ದು ಒಬ್ಬ ಅಜ್ಜಿಯ ಮನೆಯ ಪಡಸಾಲೆ ಪಕ್ಕದ ಕೋಣೆಯಲ್ಲಿ. ಅರೆಭಾಷೆಯೆಂಬ ಆ ಕಡೆಯ ಕನ್ನಡ ಆಡುವ ಅಜ್ಜಿ, ಅಕ್ಷರ ಬರದವರು, ಆದರೆ ಮಾತು ಕಲಿಯಬೇಕಾದರೆ ಅವರ ಒಲೆಯ ಮುಂದೆ ಕೂರಬೇಕು. ನನ್ನ ನಾಲಗೆಯಲ್ಲಿ ಇವತ್ತು ಏನು ಕನ್ನಡವಿದೆಯೋ ಅದರಲ್ಲಿ ಅರ್ಧ ನಮ್ಮಮ್ಮನದು, ಅರ್ಧ ಆ ಅಜ್ಜಿಯದು.

ಮಳೆಗಾಲ ಮುಗಿಯುತ್ತಿದ್ದಂತೆ ಒಂದು ಭಾನುವಾರ ಬೀರು ತುಂಬಿಸುವ ಹುರುಪಿನಲ್ಲಿ ನಾನೊಬ್ಬಳೇ ಹೊರಟೆ. ಊರಿನ ಅಂಚಿಗೆ ದೇವರಕಾಡು. ಕೊಡಗಿನ ಊರೂರಿಗೂ ಅಂಥದೊಂದು ಕಾಡಿರುತ್ತದೆ, ಅಲ್ಲಿ ಯಾರೂ ಕತ್ತಿ ಆಡಿಸುವುದಿಲ್ಲ ಎಂದಷ್ಟೇ ನನಗೆ ಗೊತ್ತಿದ್ದದ್ದು. ನಾನು ಕತ್ತಿ ಒಯ್ದಿರಲಿಲ್ಲವಲ್ಲ! ಬಿದ್ದು ಕೊಳೆಯುತ್ತಿದ್ದ ಒಂದು ಮರದ ತುಂಡು, ಅದರ ಮೈತುಂಬ ಅಂಗಿಗುಂಡಿಯಷ್ಟು ಗಾತ್ರದ ಹಳದಿ ಅಣಬೆ. ಬೀರುವಿಗೆ ಹೇಳಿಮಾಡಿಸಿದಂತಿತ್ತು. ಎತ್ತಿ ಸೊಂಟಕ್ಕೆ ಆನಿಸಿಕೊಂಡು ಮನೆಗೆ ಬಂದೆ.

ಅಜ್ಜಿ ಅಂಗಳದಲ್ಲಿ ಒಣಹಾಕಿದ ಏಲಕ್ಕಿ ಕೆದಕುತ್ತಿದ್ದರು. ತುಂಡನ್ನು ನೋಡಿದರು, ನನ್ನನ್ನು ನೋಡಿದರು, ಬಂದು ಮೆಟ್ಟಿಲಿಗೆ ಅಡ್ಡ ನಿಂತರು.

"ಟೀಚರಮ್ಮ, ಅದ್ರ ಜೊತೆಲಿ ಒಳಗೆ ಬರ್ಬೇಡಿ. ಎಲ್ಲಿಂದ ತೆಗ್ದಿರೋ ಅಲ್ಲೇ ಇಟ್ಟು ಬನ್ನಿ. ಯಾವ ಮಗ್ಗುಲಲ್ಲಿ ಇತ್ತೋ ಅದೇ ಮಗ್ಗುಲಲ್ಲಿ."

ಒಣ ಕಟ್ಟಿಗೆ ತಾನೇ ಅಜ್ಜಿ, ಬಿದ್ದಿದ್ದು ತಾನೇ ಎಂದು ನಾನು ರಾಗ ಎಳೆದೆ.

"ನಿಮ್ಗೆ ಅದ್ ಕಟ್ಟಿಗೆ. ಅದ್ರ ಅಡಿಲಿ ಇದ್ದವುಕ್ಕೆ ಅದ್ ಮನೆ. ಯಾರ್ದೋ ಮನೆ ಮಾಡು ಎತ್ಕೊಂಡು ಬಂದು ನನ್ನ ಮನೆಗೆ ಬಂದ್ರೆ ನಾ ಕಾಫಿ ಕೊಡ್ಬೇಕಾ?"

ಸಿಟ್ಟಿನಲ್ಲೇ ವಾಪಸು ಹೋದೆ. ಮರದ ತುಂಡಿದ್ದ ಜಾಗ ಹುಡುಕುವುದು ಕಷ್ಟವಾಗಲಿಲ್ಲ. ನೆಲದಲ್ಲಿ ಅದರದೇ ಆಕಾರದ ಒದ್ದೆ ಗುರುತು ಇತ್ತು. ಇಡಲು ಬಗ್ಗಿದವಳು ಹಾಗೇ ಕೂತುಬಿಟ್ಟೆ. ಆ ಗುರುತಿನೊಳಗೆ ಬಿಳಿ ಹುಳುಗಳು, ಸುರುಟಿಕೊಂಡ ಸಹಸ್ರಪದಿ, ಮೊಟ್ಟೆ ಕಚ್ಚಿಕೊಂಡು ದಿಕ್ಕೆಟ್ಟು ಓಡುವ ಇರುವೆ, ಉಗುರಿನಷ್ಟು ದೊಡ್ಡ ಒಂದು ಕಪ್ಪೆ. ಮಾಡು, ಅಂದರೆ ಸೂರು, ಹಾರಿಹೋದ ಮನೆಯವರು ಹೇಗಿರುತ್ತಾರೋ ಹಾಗೆಯೇ ಇದ್ದರು. ನಾನು ತುಂಡನ್ನು ಇಟ್ಟೆ, ಅದೇ ಮಗ್ಗುಲಲ್ಲಿ. ಕಾಲಿಗೆ ಹತ್ತಿದ್ದ ಜಿಗಣೆಗಳನ್ನೂ ಅಲ್ಲೇ ಬಿಡಿಸಿ ಬಿಟ್ಟು ಬಂದೆ. ಅವೂ ಆ ಊರಿನವೇ.

ಬೀರುವನ್ನು ಬೇರೆ ಕಡೆಯಿಂದ ತುಂಬಿಸಬಹುದಿತ್ತು, ನಿಜ. ತೋಟವಿತ್ತು, ಗದ್ದೆಯಿತ್ತು, ದನ ಮೇಯುವ ಬಾಣೆಯಿತ್ತು. ಆದರೆ ಆ ಒದ್ದೆ ಗುರುತು ನೋಡಿದ ಮೇಲೆ ಎಲೆ ಕಿತ್ತು ಚೀಟಿ ಅಂಟಿಸಲು ನನಗೆ ಮನಸ್ಸೇ ಬರಲಿಲ್ಲ. ಚೀಟಿಯಿಂದ ಎಲೆಯ ಹೆಸರು ತಿಳಿಯುತ್ತದೆ. ಅದು ಯಾರ ನೆರೆಯಲ್ಲಿ ಬಾಳುತ್ತಿತ್ತು, ಯಾರಿಗೆ ಉಣ್ಣಲಿಕ್ಕಿತು, ಏನೂ ತಿಳಿಯುವುದಿಲ್ಲ.

ಮಾರನೆಯ ದಿನ ಅಜ್ಜಿಯ ಕೊಟ್ಟಿಗೆಯಿಂದ ಒಂದು ದನದ ಹಗ್ಗ ಕೇಳಿ ಪಡೆದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಹಗ್ಗವನ್ನು ನೆಲದ ಮೇಲೆ ದುಂಡಗೆ ಹಾಕಿದೆ. ಒಮ್ಮೆ ಗದ್ದೆಯ ಬದುವಿನಲ್ಲಿ, ಒಮ್ಮೆ ಬಾಣೆಯಲ್ಲಿ, ಒಮ್ಮೆ ದೇವರಕಾಡಿನ ಒಳಗೆ. ಆ ಹಗ್ಗದ ಬಳೆಯೊಳಗೆ ಯಾರ‍್ಯಾರು ಇದ್ದಾರೆ, ಎಷ್ಟೆಷ್ಟು ಇದ್ದಾರೆ, ನೋಡಿ ಸ್ಲೇಟಿನಲ್ಲಿ ಬರೆಯಬೇಕು. ದೇವರಕಾಡಿಗೆ ಅಜ್ಜಿಯ ಅಪ್ಪಣೆ ಬೇಕಾಯಿತು. ಬರಿಗಾಲಲ್ಲಿ ಹೋಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡಿ ಎಂದರು. ಹಾಗಾಗಿ ನೋಡುವಾಗ ಕೈ ಹಿಂದೆ, ಬರೆಯುವುದು ಹೊರಗೆ ಬಂದ ಮೇಲೆ. ಮಕ್ಕಳ ನೆನಪು ಹರಿತವಾದದ್ದು ಹಾಗೆ.

ನನ್ನ ತರಗತಿಯಲ್ಲಿ ಕೊಡವ ಮಕ್ಕಳು, ಅರೆಭಾಷೆಯವರು, ಮಲಯಾಳದವರು, ಎಸ್ಟೇಟಿನ ಕೂಲಿ ಲೈನುಗಳಿಂದ ಬರುವ ತಮಿಳು ಮಕ್ಕಳು. ಒಂದೇ ಇರುವೆಗೆ ನಾಲ್ಕು ಹೆಸರು ಕೂಗುತ್ತಿದ್ದರು. ಒಂದೇ ಜಾತಿಯವು ಇಷ್ಟೊಂದು ಸೇರಿದ್ದರೆ ಒಟ್ಟಾಗಿ ಏನನ್ನೋಣ ಎಂದು ನಾನು ಕೇಳಿದಾಗ ಒಬ್ಬ ಕೊಡವ ಹುಡುಗಿ ಕ್ಷಣವೂ ಯೋಚಿಸಲಿಲ್ಲ. "ಒಕ್ಕ, ಟೀಚರ್" ಎಂದಳು. ಒಂದೇ ಮೂಲದ ಮನೆತನಕ್ಕೆ ಅವರು ಹೇಳುವ ಮಾತು. ಕೆಂಪಿರುವೆಯದು ಒಂದು ಒಕ್ಕ, ಗೆದ್ದಲಿನದು ಒಂದು ಒಕ್ಕ. ಎಲ್ಲ ಒಕ್ಕಗಳೂ ಅವು ಕುಡಿಯುವ ನೀರೂ ನಿಂತ ಮಣ್ಣೂ ಬೀಳುವ ಬಿಸಿಲೂ ಸೇರಿದರೆ ಊರು. ಒಂದೇ ಥರದ ಮಳೆ, ಒಂದೇ ಥರದ ಮರ ಇರುವ ಊರೂರುಗಳೆಲ್ಲ ಸೇರಿದರೆ ನಾಡು. ಮೊಮ್ಮಗಳ ವಿಜ್ಞಾನದ ಪುಸ್ತಕದಲ್ಲಿ ಈಗ ಜೀವಿಸಂದಣಿ, ಪರಿಸರ ವ್ಯವಸ್ಥೆ, ಜೀವವಲಯ ಎಂದಿದೆ. ಇರಲಿ, ಒಳ್ಳೆಯ ಪದಗಳೇ. ನನ್ನ ಮಕ್ಕಳಿಗೆ ಆ ಅರ್ಥಗಳು ಆ ಪದಗಳಿಗಿಂತ ಮೊದಲೇ ಸಿಕ್ಕಿದ್ದವು.

ಇನ್‌ಸ್ಪೆಕ್ಟರು ಬಂದದ್ದು ಕಾಫಿ ಹಣ್ಣು ಕೀಳುವ ಕಾಲಕ್ಕೆ. ಮಿರಮಿರ ಮಿಂಚುವ ಬೂಟು, ಬೆತ್ತ, ಬಗಲಲ್ಲಿ ಫೈಲು. ನೇರ ಬೀರುವಿನ ಮುಂದೆ ನಿಂತರು. ಎಲ್ಲಿದೆಯಮ್ಮ ಸಂಗ್ರಹ ಎಂದು ಕೇಳಿದರು. ಕಾಡಿನಲ್ಲಿದೆ ಸಾರ್ ಎಂದೆ. ಅವರ ಹುಬ್ಬು ಮೇಲೆ ಹೋದದ್ದು ಬೇಗ ಕೆಳಗಿಳಿಯಲಿಲ್ಲ. ಕುರ್ಚಿಯಲ್ಲಿ ಕೂತು, ಪುಸ್ತಕ ತೆರೆದು, ಮರುಭೂಮಿ ಎಂದರೇನು ಎಂದು ಮಕ್ಕಳನ್ನು ಕೇಳಿದರು. ಒಕ್ಕದ ಹುಡುಗಿಯೇ ಎದ್ದು ನಿಂತಳು.

"ಅದು ಬೇರೆ ನಾಡು ಸಾರ್. ಅಲ್ಲಿ ಒಕ್ಕ ಕಡಿಮೆ. ಇದ್ದವಕ್ಕೆ ಸ್ವಲ್ಪ ನೀರಲ್ಲಿ ಬದುಕೋಕೆ ಗೊತ್ತು."

ಪುಸ್ತಕದಲ್ಲಿ ಹಾಗಿಲ್ಲ ಎಂದರು. ಪುಸ್ತಕದಲ್ಲಿ ಇಲ್ಲ ಎಂದು ನಾನೂ ಒಪ್ಪಿದೆ. ಸಂಗ್ರಹ ನೋಡಬೇಕಾದರೆ ಅರ್ಧ ಮೈಲಿ ನಡೆಯಬೇಕು, ಬರುತ್ತೀರಾ ಎಂದೆ. ಅಪ್ಪನ ಷರತ್ತು, ಟ್ರಂಕು, ನೋಡಿಟ್ಟ ಗಂಡು, ಎಲ್ಲವೂ ಕಣ್ಣ ಮುಂದೆ ಬಂದವು. ಬಂದರೂ ಮಾತು ಆಗಲೇ ಬಾಯಿಂದ ಹೊರಬಿದ್ದಿತ್ತು, ಅದನ್ನು ವಾಪಸು ತೆಗೆದುಕೊಳ್ಳುವ ಮನಸ್ಸೂ ಇರಲಿಲ್ಲ.

ಬಂದರು. ಕಾಡಿನ ಅಂಚಿನಲ್ಲಿ ಮಕ್ಕಳು ಸಾಲಾಗಿ ನಿಂತು ಅವರ ಬೂಟನ್ನೇ ನೋಡಿದರು. ಅವರು ಒಂದು ಕಲ್ಲಿನ ಮೇಲೆ ಕೂತು ಲೇಸು ಬಿಚ್ಚಿದರು. ಒಳಗೆ ಹಗ್ಗದ ಬಳೆ ಹಾಕಿದೆವು. ಮಕ್ಕಳು ಕೈ ಹಿಂದೆ ಕಟ್ಟಿ ಬಾಗಿದರು. ಇನ್‌ಸ್ಪೆಕ್ಟರು ಮಾತ್ರ ಒಂದು ಪಟ್ಟೆ ಪಟ್ಟೆ ಬಸವನಹುಳುವನ್ನು ಕಂಡು, ಎಷ್ಟು ಚೆನ್ನಾಗಿದೆ ಎನ್ನುತ್ತ ಎತ್ತಿ ಕರವಸ್ತ್ರದಲ್ಲಿ ಸುತ್ತಿಕೊಂಡರು. ಬೀರುವಿಗೆ ಮೊದಲನೆಯದು ಎಂದು ನನ್ನತ್ತ ನೀಡಿದರು.

ನಾನು ಕೈ ಬೆನ್ನ ಹಿಂದಿನಿಂದ ತೆಗೆಯಲಿಲ್ಲ.

"ಅಲ್ಲೇ ಇಟ್ಟುಬಿಡಿ ಸಾರ್" ಎಂದೆ. "ಯಾವ ಮಗ್ಗುಲಲ್ಲಿ ಇತ್ತೋ ಅದೇ ಮಗ್ಗುಲಲ್ಲಿ."

ಅವರ ಮುಖ ಕೆಂಪಾಯಿತು. ಹುಳುವನ್ನು ಇಟ್ಟರು, ಇಟ್ಟು, ಅದು ಕೊಂಬು ಚಾಚಿ ಹೊರಡುವವರೆಗೂ ನಿಂತು ನೋಡಿದರು. ಆಗ ಅವರ ಕೈಗಳು ತಾವಾಗಿ ಬೆನ್ನ ಹಿಂದೆ ಹೋದದ್ದನ್ನು ಮಕ್ಕಳೆಲ್ಲ ಕಂಡರು.

ಹಾಗೆಂದು ಇನ್‌ಸ್ಪೆಕ್ಟರು ಬಿಟ್ಟುಕೊಡಲಿಲ್ಲ. ಶಾಲೆಗೆ ಮರಳಿ ಭೇಟಿ ಪುಸ್ತಕದಲ್ಲಿ ಬರೆದರು: ಬೀರು ಖಾಲಿ, ಶಿಕ್ಷಕಿ ಹಟಮಾರಿ, ಕಾಯಂ ಮಾಡುವುದನ್ನು ಮುಂದಕ್ಕೆ ಹಾಕುವುದು. ಕೆಳಗೆ ನನ್ನ ಸಹಿ ಬೇಕಿತ್ತು. ಸಹಿ ಹಾಕಿದೆ. ಸಹಿಯ ಮೇಲೆ ಒಂದು ಸಾಲು ಸೇರಿಸಿದೆ: ಬೀರು ಖಾಲಿಯಿದೆ, ಕಾಡು ತುಂಬಿದೆ.

ಬೇಸಿಗೆಗೆ ಅಪ್ಪನ ಕಾಗದ ಬಂತು, ಟ್ರಂಕು ಕಟ್ಟು ಎಂದು. ಅಜ್ಜಿಗೆ ಓದಿ ಹೇಳಿದೆ. ಅವರು ಬೆಲ್ಲದ ಕಾಫಿ ಮುಂದಿಟ್ಟು, ನನ್ನನ್ನು ನೋಡದೆಯೇ ಕೇಳಿದರು.

"ನಿಮ್ಮ ಒಕ್ಕ ಎಲ್ಲಿ ಉಟ್ಟು ಈಗ?"

ಉಟ್ಟು ಎಂದರೆ ಇದೆ ಎಂದು. ರಾತ್ರಿಯವರೆಗೂ ಕಾಯಲಿಲ್ಲ, ಕಾಫಿ ಆರುವ ಮೊದಲೇ ಅಪ್ಪನಿಗೆ ಬರೆದೆ. ಕೆಲಸ ಕಾಯಂ ಆಗಿಲ್ಲ. ನಾನು ಬರುವುದಿಲ್ಲ. ಕಿತ್ತು ತಂದು ಚೀಟಿ ಅಂಟಿಸಲು ನಾನು ಎಲೆಯಲ್ಲ. ರಜೆಗೆ ಬಂದು ನಾಲ್ಕು ದಿನ ಇದ್ದು ಹೋಗುತ್ತೇನೆ, ಅಮ್ಮನಿಗೆ ಕಿತ್ತಳೆ ತರುತ್ತೇನೆ.

ಅಪ್ಪ ಎರಡು ವರ್ಷ ನನ್ನೊಡನೆ ನೇರ ಮಾತಾಡಲಿಲ್ಲ. ಬೇಕಾದದ್ದನ್ನು ಅಮ್ಮನ ಮೂಲಕ ಕೇಳುತ್ತಿದ್ದರು, ಕಿತ್ತಳೆ ಮಾತ್ರ ತಾವೇ ಸುಲಿದು ತಿನ್ನುತ್ತಿದ್ದರು. ಮರುವರ್ಷ ಅದೇ ಇನ್‌ಸ್ಪೆಕ್ಟರು ಬಂದು ಬೀರು ತೆರೆದರು. ಒಳಗೆ ಸುರುಳಿ ಸುತ್ತಿದ ದನದ ಹಗ್ಗ ಒಂದೇ ಇತ್ತು. ಭೇಟಿ ಪುಸ್ತಕದಲ್ಲಿ ಬೀರು ಖಾಲಿ ಎಂದೇ ಬರೆದರು, ಹಟಮಾರಿ ಎಂಬುದನ್ನು ಬಿಟ್ಟರು. ಮೂರನೆಯ ವರ್ಷ ಬೀರುವಿನ ಹತ್ತಿರವೂ ಹೋಗದೆ, ಶಾಲೆಯ ಮೆಟ್ಟಿಲಲ್ಲೇ ಬೂಟು ಕಳಚಿದರು. ಕಾಯಂ ಆದ ಆದೇಶ ಬಂದದ್ದು ಆಮೇಲೆ.

ಅಷ್ಟು ವರ್ಷ ನಾನು ಆ ಬೀರುವಿಗೆ ಒಂದೇ ಒಂದು ಎಲೆ ಇಡಲಿಲ್ಲ.