ಬೆಳಕಿಂಡಿಗೆ ಹೊಲಿದ ಕಂಬಳಿ

ಗಬ್ಬೂರಿನ ಬೈಪಾಸ್ ದಾಟಿದರೆ ಎಡಕ್ಕೆ ಒಂದು ಎರೆಹೊಲ. ಅದರ ನಡುವೆ ಆರು ದುಂಡು ತಂಬುಗಳು ನಿಂತಿದ್ದವು. ರಸ್ತೆಯಿಂದ ನೋಡಿದರೆ ಯಾರೋ ದೊಡ್ಡ ಬುಟ್ಟಿಗಳನ್ನು ಬೋರಲು ಹಾಕಿ ಮರೆತು ಹೋದಂತೆ ಕಾಣುತ್ತಿತ್ತು. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ನಾನೂ ಎಂಟು ವರ್ಷದ ನನ್ನ ಮಗಳೂ ಅಲ್ಲಿ ಏಳು ವಾರ ಇದ್ದೆವು.

ಯಜಮಾನರು ಆಫೀಸಿನ ತರಬೇತಿಗೆಂದು ಪರವೂರಿಗೆ ಹೋಗಿದ್ದರು. ಕೇಶ್ವಾಪುರದ ಬಾಡಿಗೆ ಮನೆ ಬಿಟ್ಟಾಗಿತ್ತು, ಬೈರಿದೇವರಕೊಪ್ಪದಲ್ಲಿ ಕಟ್ಟುತ್ತಿದ್ದ ಮನೆಯ ಗೋಡೆಗಳಿಗೆ ಇನ್ನೂ ಸಿಮೆಂಟಿನ ಗಿಲಾಯಿ ಆಗಿರಲಿಲ್ಲ. ಆಗ ಮಗಳನ್ನು ಕರೆತರಲು ಹೋದಾಗ ಅವಳ ಸಾಲೆಯಲ್ಲಿ ಒಬ್ಬ ತರುಣ ಸಿಕ್ಕ. ಅವರದು ಪೆಂಡಾಲ್ ಹಾಕುವ ಮನೆತನ. ಯಾವುದೋ ಪತ್ರಿಕೆಯಲ್ಲಿ ಮಂಗೋಲಿಯಾದ ಯರ್ಟ್ ಎಂಬ ದುಂಡು ಡೇರೆಯ ಚಿತ್ರ ನೋಡಿ, ಬಿದಿರಿನ ತಟ್ಟಿ ಹೆಣೆಸಿ, ಮೇಲೆ ಕುರುಬರ ಕರಿ ಕಂಬಳಿ ಹೊದಿಸಿ, ಹೊಲದಲ್ಲಿ ಮಕ್ಕಳ ಶಿಬಿರ ತೆಗೆದಿದ್ದ. ಕ್ರಿಸ್ಮಸ್ ರಜೆಯಲ್ಲೂ ಆಮೇಲಿನ ರವಿವಾರಗಳಲ್ಲೂ ಹುಡುಗಿಯರನ್ನು ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳು ಬೇಕಾಗಿತ್ತು.

"ಪಗಾರ ಕೊಡಾಕ ಆಗೂದಿಲ್ರಿ ಅಕ್ಕಾರ," ಎಂದ ಸಂಕೋಚದಿಂದ. "ಊಟಾ, ವಸ್ತಿ ನಮ್ದು. ಹುಡುಗೂರ್ನ ಸಂಭಾಳಿಸೂದು ನಿಮ್ದು."

ನನಗೂ ಬೇಕಾಗಿದ್ದು ಅದೇ.

ಬೋರ್ಡಿನ ಮೇಲೆ ಯರ್ಟ್ ಎಂದಿದ್ದರೂ ಎಲ್ಲರ ಬಾಯಲ್ಲಿ ಅವು ಗೋಲ್ ತಂಬು. ಪ್ರತಿ ತಂಬಿನ ನೆತ್ತಿಗೆ ಹಳೆಯ ಚಕ್ಕಡಿಯ ಗಾಲಿಯೊಂದನ್ನು ಕಟ್ಟಿದ್ದರು. ಅದರ ಅರಗಳ ನಡುವಿನಿಂದ ಆಕಾಶ ಕಾಣುತ್ತಿತ್ತು. ಅದಕ್ಕೆ ಬೆಳಕಿಂಡಿ ಎನ್ನುತ್ತಿದ್ದರು, ಹಳೆಯ ಮಾಳಿಗೆ ಮನೆಗಳ ಬೆಳಕಿಂಡಿಯ ಹಾಗೆಯೇ. ಹಗ್ಗ ಎಳೆದರೆ ಕಂಬಳಿಯ ತುಂಡೊಂದು ಅದರ ಮೇಲೆ ಬಂದು ಮುಚ್ಚುತ್ತಿತ್ತು. ಒಳಗೆ ಕೆಂಡ ತುಂಬಿದ ಶೆಗಡಿ ಇದ್ದರೆ ಹಗ್ಗ ಮುಟ್ಟಬಾರದು ಎಂಬುದು ಆ ತರುಣನ ಕಾಯಿದೆ. ದಿನಾ ಸಂಜೆ ಮಕ್ಕಳಿಂದ ಮೂರು ಸಲ ಹೇಳಿಸುತ್ತಿದ್ದ.

ಅವನ ತಾಯಿಯನ್ನು ಎಲ್ಲರೂ ಅವ್ವಾರ ಎಂದು ಕರೆಯುತ್ತಿದ್ದರು. ದಪ್ಪ ಕುಂಕುಮ, ಸೆರಗನ್ನು ಸೊಂಟಕ್ಕೆ ಬಿಗಿದ ರೀತಿ, ಒಲೆಯ ಮುಂದೆಯೂ ಕೆಡದ ಹೆರಳು. ಮಕ್ಕಳಿಗೆ ಇಂಗ್ಲಿಷ್ ಆಟ ಕಲಿಸುತ್ತೇನೆಂದು ನನ್ನನ್ನು ಸಾಲೆಯ ಟೀಚರಿಗೆ ಅನ್ನುವಂತೆ ಬಾಯಾರ ಎನ್ನುತ್ತಿದ್ದರು. ಊಟಕ್ಕೆ ಕೂತರೆ ನನ್ನ ತಾಟಿನಲ್ಲಿ ರೊಟ್ಟಿ ಮುಗಿಯಲು ಬಿಟ್ಟವರಲ್ಲ. ನಾನು ಆ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಇದ್ದದ್ದಕ್ಕೆ ಆ ರೊಟ್ಟಿಯೂ ಒಂದು ಕಾರಣ.

ಅವ್ವಾರ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ದವಾಖಾನೆಯಿಂದ ಹನ್ನೆರಡು ದಿನದ ಗಂಡುಕೂಸನ್ನು ಎತ್ತಿಕೊಂಡು ಹೊಲಕ್ಕೆ ಬಂದಾಗ, ಇದ್ದ ಎರಡು ಖೋಲಿಗಳಲ್ಲಿ ಶಿಬಿರದ ಸಾಮಾನು ತುಂಬಿತ್ತು. ಹೀಗಾಗಿ ಬಾವಿಯ ಹತ್ತಿರದ ಆರನೆಯ ತಂಬನ್ನು ಅವಳಿಗೆ ಕೊಟ್ಟರು. ಎಲ್ಲಕ್ಕಿಂತ ದಪ್ಪ ಕಂಬಳಿ ಅದಕ್ಕೇ ಹೊದಿಸಿದ್ದು.

"ನಮ್ಮವ್ವ ನನಗ ನಲವತ್ತ ದಿನಾ ಕಾಸ್ಯಾಳ್ರಿ ಬಾಯಾರ," ಎಂದು ಅವ್ವಾರು ಮಗಳು ಮಲಗುವ ಹೊರಸಿನ ಕೆಳಗೆ ಶೆಗಡಿ ಇಡಲು ಜಾಗ ಅಳೆಯುತ್ತ ಹೇಳಿದರು. "ಅದಕ್ಕಽ ಈ ವಯಸ್ಸಿನ್ಯಾಗೂ ಸೊಂಟಾ ಗಟ್ಟಿ ಐತಿ. ನಿಮ್ದೇನ್ ಬಾಣಂತನಾರಿ? ದವಾಖಾನ್ಯಾಗ ಬ್ರೆಡ್ ತಿಂದು ಎದ್ದ ಬಂದೀರಿ."

ನಾನು ನಕ್ಕೆ. ಅದು ನಿಜವೇ ಆಗಿತ್ತು.

ಆ ವಾರ ಗಾಳಿ ಎದ್ದಿತು. ಮಗ ಮದುವೆ ಪೆಂಡಾಲು ಹಾಕಲು ಗದಗಿನ ಕಡೆ ಹೋಗಿದ್ದ. ಬೆಳಕಿಂಡಿಯ ಮೇಲಿನ ತುಂಡು ಪಟಪಟ ಬಡಿಯುತ್ತಿತ್ತು. ಅವ್ವಾರು ತಂಬು ಹೊಲಿಯುವ ಚಾಚಾನನ್ನು ಕರೆದು, ಗಾಲಿಯ ಸುತ್ತ ಪೂರಾ ಕಂಬಳಿ ಹೊಲಿದು ಮುಚ್ಚು ಎಂದರು. ನಿಚ್ಚಣಿಕೆ ಏರಿದ ಚಾಚಾ ಡಬ್ಬಣ ಹಿಡಿದುಕೊಂಡೇ ಕೇಳಿದ:

"ಬೆಳಕಿಂಡಿ ಬ್ಯಾಡೇನ್ರಿ ಅವ್ವಾರ? ತಮ್ಮಾ ಬಂದ್ರ ಬೈತಾನ್ರಿ."

"ಅಂವೇನ್ ಹಡದಾನು? ಹೊಲಿ ನೀ."

ಚಾಚಾ ನಕ್ಕು ಹೊಲಿದ. ನಾನೂ ನಕ್ಕೆ. ಅವನ ಹೊಲಿಗೆ ಎಷ್ಟು ಒತ್ತಾಗಿತ್ತೆಂದರೆ, ಒಳಗಿನಿಂದ ತಲೆ ಎತ್ತಿ ನೋಡಿದಾಗ ಒಂದು ಚುಕ್ಕಿಯಷ್ಟೂ ಬೆಳಕು ಕಾಣಲಿಲ್ಲ.

ಇಲ್ಲಿ ನನ್ನ ಪಾಲನ್ನೂ ಬರೆಯಬೇಕು. ತಂಬಿನ ಬುಡದಿಂದ ಗಾಳಿ ನುಸುಳುತ್ತಿತ್ತು. ಹಳೆಯ ಸೀರೆಗಳನ್ನು ಸುರುಳಿ ಸುತ್ತಿ ಸಂದುಗಳಿಗೆ ತುರುಕಿದವಳು ನಾನು. ಬಾಣಂತಿಯ ಶೆಗಡಿಗೆ ಕೆಂಡ ಮಾಡುವುದೂ ನನ್ನದೇ ಕೆಲಸ. ಕೂಸಿನ ಕಣ್ಣಿಗೆ ಹೊಗೆ ಕೆಟ್ಟದೆಂದು ಅವ್ವಾರು ಹೇಳಿದ್ದರು. ನಾನು ಅಂಗಳದಲ್ಲೇ ಇದ್ದಿಲು ಹೊತ್ತಿಸಿ, ಹೊಗೆಯೆಲ್ಲ ಹೋಗುವವರೆಗೆ ಕಾದು, ಒಳಗೂ ಹೊರಗೂ ಕೆಂಪಾದ ಕೆಂಡವನ್ನಷ್ಟೇ ಇಕ್ಕಳದಿಂದ ಆರಿಸುತ್ತಿದ್ದೆ. ನಾನು ಕಲಿತ ಕಾನ್ವೆಂಟಿನಲ್ಲಿ ಕಸೂತಿಯ ಹಿಂಬದಿಯಲ್ಲಿ ಒಂದು ದಾರದ ತುದಿ ಕಂಡರೂ ಬಿಚ್ಚಿಸುತ್ತಿದ್ದರು. ಆ ಅಭ್ಯಾಸ ಕೈಬಿಟ್ಟಿರಲಿಲ್ಲ. ಹೊಗೆ ಇಲ್ಲ, ವಾಸನೆ ಇಲ್ಲ. "ಬಾಯಾರ ಕೆಂಡ ಅಂದ್ರ ಮಾಣಿಕ ಇದ್ದಂಗ," ಎಂದು ಅವ್ವಾರು ಬಂದವರಿಗೆಲ್ಲ ತೋರಿಸುತ್ತಿದ್ದರು.

ಬೆಳಕಿಂಡಿ ಹೊಲಿದ ಮೂರನೆಯ ದಿನ ಬಾಣಂತಿ ತಲೆ ಭಾರ ಎಂದಳು. ಅವ್ವಾರು ಗಾಳಿ ಹೊಕ್ಕಿದೆ ಎಂದು ಕಿವಿಗೆ ಇನ್ನೊಂದು ಸುತ್ತು ಅರಿವೆ ಕಟ್ಟಿದರು. ನಾಲ್ಕನೆಯ ದಿನ ವಾಂತಿ. ದೃಷ್ಟಿ ತೆಗೆದು, ಬಾಗಿಲ ಕಂಬಳಿಯನ್ನು ಎರಡು ಪದರ ಮಾಡಿದರು. ಎರೆದುಕೊಳ್ಳಲು ಬಚ್ಚಲಿಗೆ ಬಂದಾಗ ಹುಡುಗಿ ಹಗುರಾಗುತ್ತಿದ್ದಳು. ಹಬೆಯಲ್ಲಿ ಕೂತು ನನ್ನ ಮಗಳ ಜೊತೆ ಚೇಷ್ಟೆ ಮಾಡುತ್ತಿದ್ದಳು. ಮತ್ತೆ ಹೊರಸಿನ ಮೇಲೆ ಮಲಗಿದ ಅರ್ಧ ತಾಸಿಗೆ ಹಣೆ ಒತ್ತಿಕೊಳ್ಳುತ್ತಿದ್ದಳು. ಇದನ್ನು ನಾನು ನೋಡಿದೆ. ಯಾರಿಗೂ ಹೇಳಲಿಲ್ಲ.

ಅವಳ ಕೆನ್ನೆ ಕೆಂಪಾಗುತ್ತ ಬಂದಿತ್ತು. "ನೋಡ್ರಿ, ರಕ್ತ ತುಂಬಾಕತ್ತೇತಿ," ಎಂದರು ಅವ್ವಾರು. ಕೂಸು ಅಳುವುದನ್ನೇ ಬಿಟ್ಟಿತ್ತು. "ಎಷ್ಟ ಶಾಣ್ಯಾ ಐತ್ರಿ, ಹಾಲಿಗೂ ಎಬ್ಬಿಸಬೇಕು." ಹೊರಸಿನ ಕೆಳಗಿನ ಬುಟ್ಟಿಯಲ್ಲಿ ಮೂರು ಮರಿ ಹಾಕಿದ್ದ ಬೆಕ್ಕು, ಆ ದಿನ ಒಂದೊಂದನ್ನೇ ಕಚ್ಚಿಕೊಂಡು ಅಂಗಳ ದಾಟಿ ಕಟ್ಟಿಗೆಯ ರಾಶಿಗೆ ಹೋಯಿತು. ಮೂರನೆಯದು ಅದರ ಬಾಯಲ್ಲಿ ಜೋಲಾಡುತ್ತಿತ್ತು. ಕೆಳಗಿಟ್ಟು ಬಹಳ ಹೊತ್ತು ನೆಕ್ಕಿತು. ಮರಿ ಏಳಲಿಲ್ಲ.

"ಅವ್ವಾರ," ಎಂದೆ ಅಂದು ಮಧ್ಯಾಹ್ನ, "ಒಂದ ಗಳಿಗಿ ಬಾಗಲಾ ತಗದಿಡೋಣೇನ್ರಿ?"

ಅವರು ಅಂಟಿನುಂಡಿ ಕಟ್ಟುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಹಸಿ ಮೈರಿ ಬಾಯಾರ. ಗಾಳಿ ಹೊಕ್ರ ಹೊರಗ ಬರೂದಿಲ್ಲ. ನೀವು ಓದಿದಾವ್ರು, ನಿಮಗ ಅದು ಗೊತ್ತಾಗೂದಿಲ್ಲ. ಹ್ಞಂ, ಒಂದುಂಡಿ ತಗೋರಿ."

ನಾನು ಉಂಡಿ ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ಚಳಿ ಹೆಚ್ಚಿತ್ತು. ಅವ್ವಾರು ಎರಡು ಶೆಗಡಿ ತುಂಬಲು ಹೇಳಿದರು. ನಾನು ತುಂಬಿದೆ. ಅವ್ವಾರು ತಮ್ಮ ಮಗಳಿಗೆ ಎರೆದು, ಹೊದಿಸಿ, ಕೂಸನ್ನು ಮಗ್ಗುಲಿಗೆ ಹಾಕಿ, ಬಾಗಿಲು ಬಿಗಿದು ಅಡುಗೆಗೆ ಬಂದರು. ಶಿಬಿರದ ಮಕ್ಕಳು ಚಾಚಾನ ಸುತ್ತ ಕೂತು ಗಂಟು ಹಾಕುವುದನ್ನು ಕಲಿಯುತ್ತಿದ್ದರು. ಹನ್ನೊಂದರ ಸುಮಾರು ಕೂಸನ್ನು ನೋಡಿ ಬರುತ್ತೇನೆಂದು ಹೋದ ನನ್ನ ಮಗಳು ಮೆಲ್ಲಗೆ ನಡೆದು ಬಂದು ನನ್ನ ಸೆರಗು ಹಿಡಿದಳು.

"ಮಮ್ಮಿ, ಅಕ್ಕನ್ನ ಕರದೆ. ಕಣ್ಣ ತಗದಾಳ, ಆದ್ರ ನನ್ನ ನೋಡವಲ್ಲಳು."

ಬಾಗಿಲ ಕಂಬಳಿ ಸರಿಸಿ ಒಳಗೆ ಕಾಲಿಟ್ಟೊಡನೆ ನನ್ನ ಹಣೆಯೊಳಗೆ ಏನೋ ಭಾರವಾಗಿ ಕೂತಿತು. ಆ ಭಾರ ನನಗೆ ಪರಿಚಯದ್ದು. ಕಾನ್ವೆಂಟಿನ ಹಾಸ್ಟೆಲಿನಲ್ಲಿ ಇದ್ದಿಲ ಇಸ್ತ್ರಿ ಪೆಟ್ಟಿಗೆಗಳಿದ್ದ ಖೋಲಿಯೊಂದಿತ್ತು. ಮಳೆ ಬಂದರೂ ಸಿಸ್ಟರ್ ಒಬ್ಬರು ಮಾತಿಲ್ಲದೆ ಬಂದು ಎರಡೂ ಕಿಟಕಿ ತೆರೆದು ಹೋಗುತ್ತಿದ್ದರು. ನಾವು ಬೈದುಕೊಂಡು ಮುಚ್ಚುತ್ತಿದ್ದೆವು, ಅವರು ಮತ್ತೆ ತೆರೆಯುತ್ತಿದ್ದರು. ಯಾಕೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಮೊದಲು ಕೂಸನ್ನು ಎತ್ತಿದೆ. ಕುಂಚಿಗೆಯೊಳಗೆ ಅದರ ತುಟಿ ದಾಸವಾಳದ ಬಣ್ಣಕ್ಕೆ ತಿರುಗಿತ್ತು, ಕತ್ತು ನಿಲ್ಲಲಿಲ್ಲ. ಹೊರಗೆ ಓಡಿ ಚಾಚಾನ ಕೈಗೆ ಕೊಟ್ಟು, ಅವನ ದೊಡ್ಡ ಕತ್ತರಿ ಕಸಿದುಕೊಂಡು ಬಂದು ತಂಬಿನ ಕಂಬಳಿಯನ್ನು ಕೈಗೆ ಸಿಕ್ಕಲ್ಲಿ ಸೀಳಿದೆ. ನಾನೇ ತುರುಕಿದ ಸೀರೆಯ ಸುರುಳಿಗಳನ್ನು ಕಾಲಿನಿಂದ ಒದ್ದೆ. ಅವ್ವಾರು ಓಡಿ ಬಂದು ನನ್ನ ರಟ್ಟೆ ಹಿಡಿದರು.

"ಏನ್ ಮಾಡಾಕತ್ತೀರಿ? ಗಾಳಿ ಹತ್ತತೈತಿ ಆಕಿಗಿ!"

"ಕಾಲ ಹಿಡೀರಿ ಅವ್ವಾರ," ಎಂದೆ. "ಹೊರಗ ಒಯ್ಯಬೇಕು."

ಅವರೊಂದಿಗೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ಕಾಲು ಹಿಡಿದರು. ಹುಡುಗಿಯನ್ನು ಬಾವಿಯ ಕಟ್ಟೆಯ ಹತ್ತಿರ, ಬಯಲು ಗಾಳಿಯಲ್ಲಿ ಮಲಗಿಸಿದೆವು. ಚಾಚಾ ಕೂಸಿನ ಅಂಗಾಲು ಉಜ್ಜುತ್ತಿದ್ದ. ಬಹಳ ಹೊತ್ತಿನ ಮೇಲೆ ಬೆಕ್ಕಿನ ಮರಿಯದಂಥ ಒಂದು ಸಣ್ಣ ದನಿ ಬಂತು. ಆಮೇಲೆ ಅಳು.

ಪೆಂಡಾಲಿನ ಟೆಂಪೋದಲ್ಲಿ ದವಾಖಾನೆಗೆ ಹೋದೆವು. ಇಬ್ಬರಿಗೂ ಆಕ್ಸಿಜನ್ ಹಚ್ಚಿದರು. "ಕೆಂಡಾ ಯಾರ್ ಮಾಡಿದ್ರಿ?" ಎಂದು ಡಾಕ್ಟರು ಕೇಳಿದರು. ನಾನೇ ಮಾಡಿದ್ದು ಎಂದೆ. "ಹೊಗಿ ಇದ್ದಿದ್ರ ಕೆಮ್ಮಿ ಎದ್ದಾದ್ರೂ ಬರ್ತಿದ್ಲು," ಎಂದರು ಅವರು, ಬರೆಯುವುದನ್ನು ನಿಲ್ಲಿಸದೆ. "ಕೆಂಡದ ಈ ವಿಷಗಾಳಿಗಿ ಬಣ್ಣಾನೂ ಇಲ್ಲ, ವಾಸನಿನೂ ಇಲ್ಲ."

ಅವ್ವಾರು ನಂಬಲಿಲ್ಲ. "ನಮ್ಮವ್ವ ನನಗ ಕಾಸಿದ್ಲು. ನಾ ಸತ್ನೇನು?" ಎಂದು ದವಾಖಾನೆಯ ಬೆಂಚಿನ ಮೇಲೆ ಕೂತು ಗೋಡೆಗೆ ಹೇಳಿದರು. ಅವರ ಅವ್ವ ಕಾಸಿದ್ದ ಆ ತವರಿನ ಮಾಳಿಗೆ ಮನೆಯ ನೆತ್ತಿಗೆ ಹಗಲಿರುಳೂ ತೆರೆದ ಬೆಳಕಿಂಡಿ ಇತ್ತೆಂದು ಹೇಳಬೇಕೆನಿಸಿತು. ಅದರ ಬದಲು ಅವರ ಪಕ್ಕ ಹೋಗಿ ಕೂತೆ. ತಾಯಿ ಮಗು ಉಳಿದರು. ಮಗ ಬಂದವನು ಆರನೆಯ ತಂಬನ್ನು ಬಿಚ್ಚಿಸಿದ. ಯಜಮಾನರು ತರಬೇತಿಯಿಂದ ಮರಳಿದ ಮೇಲೆ ನಾವು ಗಿಲಾಯಿ ಹಸಿ ಇದ್ದ ಮನೆಗೆ ಹೋದೆವು.

ಆರು ವರ್ಷದ ಮೇಲೆ ಕೇಶ್ವಾಪುರದ ಬಳೆ ಅಂಗಡಿಯಲ್ಲಿ ಅವ್ವಾರು ಸಿಕ್ಕರು. ಶಿಬಿರ ಎಂದೋ ನಿಂತಿತ್ತು. ಅವರ ಪಕ್ಕದಲ್ಲಿ ಮಗಳು ಹಸಿರು ಬಳೆಗೆ ಕೈ ಚಾಚಿ ಕೂತಿದ್ದಳು, ಎಂಟು ತಿಂಗಳ ಹೊಟ್ಟೆ. ಅಂದಿನ ಕೂಸು, ಈಗ ಆರು ವರ್ಷದ ಹುಡುಗ, ಅಂಗಡಿಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಅವನು ಎಣಿಸುತ್ತಿದ್ದುದನ್ನು ನಾನು ಹನ್ನೆರಡರವರೆಗೆ ಕಿವಿಗೊಟ್ಟು ಕೇಳಿದೆ, ಒಂದೂ ತಪ್ಪಲಿಲ್ಲ.

"ಈ ಸಲ ತಂಬು ಗಿಂಬು ಇಲ್ರಿ ಬಾಯಾರ," ಎಂದರು ಅವ್ವಾರು ನನ್ನ ಕೈ ಹಿಡಿದು. "ಪಕ್ಕಾ ಖೋಲಿ ಕಟ್ಸೇವಿ. ಮ್ಯಾಲ ಸ್ಲ್ಯಾಬು, ಕಿಟಕಿಗೆ ಗಾಜು. ಎಳ್ಳಷ್ಟು ಗಾಳಿ ಸುಳಿಯೂದಿಲ್ಲ."

ಮಗಳು ನನ್ನನ್ನು ನೋಡಿದಳು. ಬಳೆಗಾರನ ಕೈಯಲ್ಲಿದ್ದ ಅವಳ ಬೆರಳುಗಳು ಮುಷ್ಟಿಯಾದವು.

"ಕಾಸ್ತೀರೇನ್ರಿ ಈ ಸಲಾನೂ?"

"ಕಾಸ್ದಽ ಬಿಡ್ತೇವೇನ್ರಿ?"

"ಹಂಗಾದ್ರ ನಾ ಬರ್ತೇನಿ," ಎಂದೆ. "ಊಟಾ ವಸ್ತಿ ನಿಮ್ದು. ಕೆಂಡಾ ನಂದು."

ಅವ್ವಾರ ಮುಖ ಅರಳಿತು. "ಬರ್ರಿ. ನಿಮ್ಮಂಗ ಕೆಂಡಾ ಆರಿಸೂ ಕೈ ಇನ್ನೊಂದ್ ಕಂಡಿಲ್ಲ ನಾ."

ಹೆರಿಗೆಯಾಗಿ ಹನ್ನೆರಡನೆಯ ದಿನ ಹೋದೆ. ಖೋಲಿಗೆ ಹೊಸ ಬಣ್ಣದ ವಾಸನೆ ಇತ್ತು. ಅವರು ಹೊರಸಿನ ಕೆಳಗೆ ಶೆಗಡಿ ತಳ್ಳಿದರು. ನಾನು ಎರಡೂ ಕಿಟಕಿ ತೆರೆದು, ಒಂದಕ್ಕೆ ಕಲ್ಲು ಕೊಟ್ಟು, ಇನ್ನೊಂದರ ಕೆಳಗೆ ಚಾಪೆ ಹಾಸಿ, ಆ ಕಿಟಕಿಯ ತೆರೆದ ಕದಕ್ಕೆ ಬೆನ್ನು ಕೊಟ್ಟು ಕೂತೆ. ಅವ್ವಾರು ಬಂದು ಮುಚ್ಚಲು ಕೈ ಚಾಚಿದರು. ನಾನು ಸರಿಯಲಿಲ್ಲ.

"ಬೆನ್ನಿಗೆ ಗಾಳಿ ಹತ್ತತೈತ್ರಿ ಬಾಯಾರ."

"ಹತ್ತಲಿ ಬಿಡ್ರಿ," ಎಂದೆ.

ಹಾಗೆ ನಲವತ್ತು ದಿನ ಕೂತೆ.